ಓಬಳೇಶಪ್ಪ ಬಿಟ್ಟಿದ್ದ ಖಾಲಿ ಮನೆ

ಓಬಳೇಶಪ್ಪ ಮೊದಲು ನೋಡುತ್ತಿದ್ದುದು ಮನುಷ್ಯನ ಮುಖವನ್ನಲ್ಲ, ಅಂಗಿಯನ್ನು. ಗೆರೆಯ ಅಂಗಿಯಾದರೆ ಗೆರೆ, ಚೌಕಳಿಯಾದರೆ ಚೌಕ. ಎದುರಿಗಿದ್ದವನು ಒಂದು ಮಾತು ಮುಗಿಸುವುದರೊಳಗೆ ಇವರು ಎಣಿಸಿ ಮುಗಿಸಿರುತ್ತಿದ್ದರು. ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು, ಎಣಿಕೆ ತೆಲುಗಿನಲ್ಲಿ. ಚಳ್ಳಕೆರೆಯ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ಮೊದಲ ಸಲ ಬಂದು ನಿಂತಾಗಲೂ ನಮಸ್ಕಾರಕ್ಕಿಂತ ಮುಂಚೆ ಅವರು ಹೇಳಿದ್ದು ಇದು: "ಮೇಷ್ಟ್ರೇ, ನಿಮ್ಮ ಎದೆ ಮೇಲೆ ಮೂವತ್ತೆಂಟು ಗೆರೆ ಐತೆ. ಜೇಬಿನ ಹತ್ರ ಒಂದು ಗೆರೆ ಕೂಡಿಲ್ಲ. ದರ್ಜಿ ಅವಸರ ಮಾಡಿದಾನೆ."

ಬಗ್ಗಿ ನೋಡಿದರೆ ಹೌದು. ಎರಡು ವರ್ಷದಿಂದ ಹಾಕಿಕೊಳ್ಳುತ್ತಿದ್ದ ಅಂಗಿ, ನನಗೇ ಗೊತ್ತಿರಲಿಲ್ಲ.

ಆಗ ನನಗೆ ಇಪ್ಪತ್ಮೂರು ವರ್ಷ, ಅವರಿಗೆ ಐವತ್ತರ ಹತ್ತಿರ. ತೊಂಬತ್ತರ ದಶಕದ ಆರಂಭದ ದಿನಗಳು. ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯ ಒಂದು ಮಹಡಿಯಲ್ಲಿ, ಶೇಂಗಾ ಹಿಂಡಿಯ ವಾಸನೆಯ ನಡುವೆ, ನಾನು ಟೈಪಿಂಗ್ ಕಲಿಸುತ್ತಿದ್ದೆ. ಬೋರ್ಡಿನ ಮೇಲೆ ನನ್ನ ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿತ್ತು. ಅದರ ಕೆಳಗೆ ಕಂಪ್ಯೂಟರ್ ತರಬೇತಿ ಎಂದೂ ಬರೆಸಿದ್ದೆ. ಇದ್ದ ಕಂಪ್ಯೂಟರ್ ಒಂದೇ ಒಂದು, ಅದೂ ಅನಾಥ. ಕೀಲಿಮಣೆಯೇ ಇಡೀ ಯಂತ್ರ. ಟಿವಿಗೆ ಒಂದು ವೈರು, ಟೇಪ್ ರೆಕಾರ್ಡರಿಗೆ ಒಂದು ವೈರು ಚುಚ್ಚಿದರೆ ಕೆಲಸ ಶುರು. ಪ್ರೋಗ್ರಾಂಗಳೆಲ್ಲ ಕ್ಯಾಸೆಟ್ಟಿನಲ್ಲಿ. ಮಾಡಿದ ಕಂಪನಿ ಎರಡೇ ವರ್ಷಕ್ಕೆ ಬಾಗಿಲು ಹಾಕಿತ್ತು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ಆದರೆ ಚಪ್ಪಟೆಯಾಗಿ ಕರ್ರಗೆ ಬಿದ್ದುಕೊಂಡಿರುತ್ತಿದ್ದುದರಿಂದ ನಾವು ಅದನ್ನು ಹಲಗೆ ಎಂದೇ ಕರೆಯುತ್ತಿದ್ದೆವು.

ಹಲಗೆಯ ದುರದೃಷ್ಟ ಎಂದರೆ ಅದಕ್ಕೆ ಅಂತ ಯಾರೂ ಏನೂ ಬರೆದಿರಲಿಲ್ಲ. ಅದರಲ್ಲಿ ಓಡುತ್ತಿದ್ದ ಆಟಗಳೆಲ್ಲ ವಿದೇಶದ ಬೇರೆ ಯಂತ್ರಗಳಿಗೆ ಮಾಡಿದವು, ಎಳೆದು ತಂದು ಇದರೊಳಗೆ ತುರುಕಿದವು. ಪರದೆಯ ಒಂದು ಚೌಕದಲ್ಲಿ ಹಲಗೆ ಎರಡೇ ಬಣ್ಣ ತೋರಿಸುತ್ತಿತ್ತು. ಮೂರನೆಯ ಬಣ್ಣ ಬಂದರೆ ಒಂದರ ಮೇಲೊಂದು ಹರಡಿಬಿಡುತ್ತಿತ್ತು. ಹಾಗಾಗಿ ಕಾರು ಮುಂದೆ ಹೋದಂತೆಲ್ಲ ರಸ್ತೆಯೂ ಅದರ ಜೊತೆ ಕೆಂಪಾಗುತ್ತಿತ್ತು. ನೋಡಿದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಓಬಳೇಶಪ್ಪ ನಗಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗಳ ಅಂಚು, ಸೆರಗುಗಳ ಚಿತ್ರವನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುವುದು ಅವರ ಕೆಲಸ. ಅದನ್ನು ನೋಡಿಕೊಂಡು ಮಗ್ಗದವರು ನೇಯುತ್ತಾರೆ. ಹಾಳೆಯ ಪ್ರತಿ ಚೌಕಕ್ಕೂ ಅವರು ಮನೆ ಎನ್ನುತ್ತಿದ್ದರು. ತುಂಬಿದ ಮನೆಗೆ ಜರಿ, ಖಾಲಿ ಮನೆಗೆ ರೇಷ್ಮೆ. ಚೌಕ ತುಂಬುವ ಯಂತ್ರವೊಂದು ಚಳ್ಳಕೆರೆಯಲ್ಲಿದೆ ಎಂದು ಯಾರೋ ಸೀರೆ ಏಜೆಂಟ್ ಹೇಳಿದ್ದಕ್ಕೆ ಬಸ್ಸು ಹತ್ತಿ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಟವೆಲ್ಲಿನಿಂದ ಕೈ ಒರೆಸಿಕೊಂಡು, ಕಾರಿನ ಆಟವನ್ನು ಅರ್ಧ ಗಂಟೆ ಸುಮ್ಮನೆ ನೋಡಿದರು. ಆಮೇಲೆ ಕೇಳಿದರು: "ಒಂದು ಮನೇಲಿ ಎರಡೇ ಬಣ್ಣ ಅಲ್ವೇನ್ರಿ?"

"ಹೌದು. ಅದೇ ಇದರ ದೊಡ್ಡ ದೋಷ," ಎಂದೆ.

"ದೋಷ ಯಾಕಾಗ್ತೈತೆ ಮೇಷ್ಟ್ರೇ. ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ. ನಮ್ಮ ಮಗ್ಗಾನೂ ಅಷ್ಟೇ ತಾನೆ ಕೊಡೋದು. ಇದಕ್ಕೆ ಕಾರು ಓಡ್ಸೋಕೆ ಬರಲ್ಲ ಅಂತ ನಗ್ತೀರಿ. ಇದಕ್ಕೆ ಏನು ಬರ್ತೈತೆ ಅಂತ ಯಾರೂ ಕೇಳಿಲ್ಲ, ಪಾಪ."

ಅವತ್ತಿನಿಂದ ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ಅವರು ಬಂದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಯಂತ್ರಕ್ಕೆ ಬೇಕಾದ ಇಪ್ಪತ್ತು ಇಪ್ಪತ್ತೈದು ಪದಗಳನ್ನು ಚಿತ್ರಗಳ ಹಾಗೆ ನೆನಪಿಟ್ಟುಕೊಂಡರು. ಪ್ರೋಗ್ರಾಮನ್ನೂ ಗ್ರಾಫ್ ಹಾಳೆಯ ಮೇಲೆಯೇ ಬರೆದುಕೊಂಡು ಬರುತ್ತಿದ್ದರು, ಒಂದು ಮನೆಗೆ ಒಂದೇ ಅಕ್ಷರ. ಅದನ್ನು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು. ನನ್ನ ವಿದ್ಯಾರ್ಥಿನಿಯರು ನಿಮಿಷಕ್ಕೆ ನಲವತ್ತು ಪದ ಒತ್ತುವ ಕೋಣೆಯಲ್ಲಿ ಈ ಒಂದು ಬೆರಳಿನ ಟಕ್, ಟಕ್ ಕೇಳಿ ಅವರು ಮುಸಿಮುಸಿ ನಗುತ್ತಿದ್ದರು. ಆದರೆ ಓಬಳೇಶಪ್ಪ ತಪ್ಪು ಒತ್ತಿದ್ದನ್ನು ನಾನು ನೋಡಲೇ ಇಲ್ಲ.

ನಾನು ಯಾವತ್ತೂ ಬಾಯಿಗೆ ಬಂದ ಹಾಗೆ ಮಾತಾಡುವವನು. "ತುಂಬಾ ಜನ ಕೇಳಿದ್ದಾರೆ," "ಎಷ್ಟೋ ಸಲ ಹೇಳಿದ್ದೇನೆ" ಎನ್ನುವುದು ನನ್ನ ಧಾಟಿ. ಅವರು ತಲೆ ಎತ್ತದೆಯೇ, "ಎಣಿಸ್ಕೊಂಡು ಹೇಳ್ರಿ ಮೇಷ್ಟ್ರೇ," ಎನ್ನುತ್ತಿದ್ದರು. ಒಮ್ಮೆ ಎಣಿಸಿ ನೋಡಿದೆ. ತುಂಬಾ ಜನ ಎಂದರೆ ಇಬ್ಬರು. ಅವರು ನಕ್ಕರು, ನನಗೆ ಟೀ ತರಿಸಿಕೊಟ್ಟರು. ಐವತ್ತರ ಮನುಷ್ಯ ಇಪ್ಪತ್ಮೂರರ ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದುದು ನನಗೆ ಬಹಳ ಹಿಡಿಸಿತ್ತು. ನಾನು ಅವರಿಗೆ ಕಲಿಸಿದ್ದು ಮೊದಲ ಮೂರು ವಾರ ಮಾತ್ರ. ಆಮೇಲೆ ಕಲಿಯುತ್ತಿದ್ದವನು ನಾನು. ಅದನ್ನು ಅವರಿಗಾಗಲಿ, ಯಾರಿಗಾಗಲಿ ಹೇಳಲಿಲ್ಲ.

ಎರಡನೆಯ ವರ್ಷದ ಕೊನೆಗೆ ಪ್ರೋಗ್ರಾಂ ಮುಗಿಯಿತು. ಅಂಚು ಎಷ್ಟು ಎಳೆ ಅಗಲ ಬೇಕು ಎಂದು ಹೇಳಿದರೆ ಸಾಕು, ಹಲಗೆ ಪರದೆಯ ಮೇಲೆ ಸಾಲು ಸಾಲಾಗಿ ನವಿಲು ಬರೆಯುತ್ತಿತ್ತು. ಎಡಕ್ಕೊಂದು, ಬಲಕ್ಕೊಂದು, ನಡುವೆ ಗೋಪುರ. ಕೈಯಲ್ಲಾದರೆ ಅಂಚಿನ ಅಗಲ ಬದಲಾದ ಕೂಡಲೇ ಇಡೀ ಹಾಳೆ ಮತ್ತೆ ಬರೆಯಬೇಕು, ಎಂಟು ದಿನದ ಕೆಲಸ. ಇದು ಟೀ ಆರುವುದರೊಳಗೆ ಮುಗಿಸುತ್ತಿತ್ತು. ಒಂದು ಬಣ್ಣ ಇನ್ನೊಂದರ ಮೇಲೆ ಹರಡಲಿಲ್ಲ, ಒಂದು ಮನೆಯೂ ಕೊಳೆಯಾಗಲಿಲ್ಲ. ಆ ಯಂತ್ರಕ್ಕೇ ಅಂತ ಹುಟ್ಟಿದ ಪ್ರೋಗ್ರಾಂ ಅದು. ಅವರು ಮನೆಯಿಂದ ತಂದಿದ್ದ ಒಂದು ಭಜನೆ ಕ್ಯಾಸೆಟ್ಟಿನ ಮೇಲೆ ಅದನ್ನು ಉಳಿಸಿದೆವು. ಪ್ರೋಗ್ರಾಮಿನ ಕೀರಲು ಸದ್ದು ಮುಗಿದ ಮೇಲೂ ಟೇಪು ಓಡಲು ಬಿಟ್ಟರೆ ಉಳಿದ ಅರ್ಧ ಭಜನೆ ಕೇಳುತ್ತಿತ್ತು.

ಧಾರವಾಡದ ಕಡೆಯ ಒಬ್ಬ ನಿವೃತ್ತ ಎಂಜಿನಿಯರ್ ಆಗ ನಮ್ಮಂಥ ಹಲಗೆ ಇಟ್ಟುಕೊಂಡವರಿಗೆಲ್ಲ ನಾಲ್ಕು ಪುಟದ ಒಂದು ಇಂಗ್ಲಿಷ್ ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಪ್ರತಿ ಸಂಚಿಕೆಯಲ್ಲೂ ಅದೇ ಗೋಳು: ಎಲ್ಲರೂ ನಕಲು ಮಾಡುತ್ತಾರೆ, ಈ ಯಂತ್ರಕ್ಕೇ ಅಂತ ಸ್ವಂತವಾಗಿ ಬರೆಯುವವರು ಒಬ್ಬರೂ ಇಲ್ಲ. ಯಾರಾದರೂ ಬರೆದು ಕಳಿಸಿದರೆ ಅವರ ಹೆಸರು, ಊರು ಸಮೇತ ಇಡೀ ಪ್ರೋಗ್ರಾಂ ಅಚ್ಚು ಹಾಕುತ್ತೇನೆ ಎಂದು ಬರೆದಿದ್ದರು. ನಾನದನ್ನು ಓಬಳೇಶಪ್ಪನವರಿಗೆ ಓದಿ ಹೇಳಿದೆ.

ಅವರು ಆ ನಾಲ್ಕು ಪುಟಗಳನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಆಮೇಲೆ ಹೇಳಿದರು: "ನಮ್ಮಪ್ಪ ನಲವತ್ತು ವರ್ಷ ಗ್ರಾಫ್ ಬರ್ದ. ನಾನು ಮೂವತ್ತು ವರ್ಷದಿಂದ ಬರೀತಿದೀನಿ. ಸೀರೆ ಡಬ್ಬಿ ಮೇಲೆ ಅಂಗಡಿ ಹೆಸ್ರು ಇರ್ತೈತೆ. ಒಂದ್ಸಲ ನಮ್ಮ ಹೆಸ್ರು ಅಚ್ಚಾಗಿದ್ದು ನೋಡ್ಬೇಕು ಮೇಷ್ಟ್ರೇ. ಓಬಳೇಶಪ್ಪ, ಗ್ರಾಫ್ ಬರೆಯೋರು, ಮೊಳಕಾಲ್ಮೂರು. ಅಷ್ಟು ಹಾಕಿದ್ರೆ ಸಾಕು. ಇಂಗ್ಲಿಷ್ನಾಗೆ ನೀವು ಬರ್ದು ಕಳಿಸ್ರಿ."

ಕ್ಯಾಸೆಟ್ ನನ್ನ ಕೈಗೆ ಕೊಟ್ಟು ಬಸ್ಸಿಗೆ ಹೋದರು.

ನಾಚಿಕೆಯ ವಿಷಯವನ್ನು ಸುತ್ತಿ ಬಳಸಿ ಹೇಳುವುದು ನನ್ನ ಹಳೆಯ ಚಾಳಿ. ಇಲ್ಲಿ ನೇರವಾಗಿ ಹೇಳುತ್ತೇನೆ. ಮಾರನೆಯ ದಿನ ಮಧ್ಯಾಹ್ನ ಟೈಪ್‌ರೈಟರ್ ಮುಂದೆ ಕೂತು ಪತ್ರ ಶುರು ಮಾಡಿದಾಗ ನನ್ನ ಮನಸ್ಸು ಕೆಟ್ಟಿರಲಿಲ್ಲ. ಅವರ ಹೆಸರನ್ನೇ ಹೊಡೆದೆ. ಹೊಡೆದು ನೋಡಿದೆ. ಇಂಗ್ಲಿಷ್ ಬಾರದ ಈ ಮನುಷ್ಯ ಬರೆದದ್ದು ಎಂದರೆ ಪತ್ರಿಕೆಯವರು ನಂಬುತ್ತಾರೆಯೇ ಎಂಬ ಯೋಚನೆ ಬಂತು. ಅದರ ಹಿಂದೆಯೇ ಇನ್ನೊಂದು: ಕಲಿಸಿದವನು ನಾನು, ಯಂತ್ರ ನನ್ನದು, ಬೋರ್ಡಿನ ಮೇಲೆ ಕಂಪ್ಯೂಟರ್ ತರಬೇತಿ ಎಂದು ಬರೆಸಿಕೊಂಡಿರುವುದು ನಾನು. ಹಾಳೆ ಎಳೆದು ಬಿಸಾಡಿ ಹೊಸ ಹಾಳೆ ಹಾಕಿದೆ. ಅದರ ಮೇಲೆ ನನ್ನ ಹೆಸರು ಹೊಡೆದೆ. ಪ್ರೋಗ್ರಾಮಿನಲ್ಲಿ ಅವರ ಹೆಸರಿದ್ದ ಸಾಲನ್ನು ತೆಗೆದೆ. ನನ್ನದು ಅಂತ ಕಾಣಲಿ ಎಂದು ಅಲ್ಲಿ ಇಲ್ಲಿ ನಾಲ್ಕಾರು ಸಾಲು ತಿದ್ದಿದೆ.

ತಿದ್ದುವಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಬಲಗಡೆಯ ನವಿಲಿನ ಮೈಯಲ್ಲಿ ಎಲ್ಲೋ ಒಂದು ಮನೆ ಖಾಲಿ ಇತ್ತು. ಎಡಗಡೆಯ ನವಿಲಿನಲ್ಲಿ ಅದೇ ಮನೆ ತುಂಬಿತ್ತು. ಅದೊಂದನ್ನು ಖಾಲಿ ಮಾಡಲೆಂದೇ ಬೇರೆಯಾಗಿ ಒಂದು ಸಾಲು ಬರೆದಿದ್ದರು. ಎಣಿಕೆಯ ಓಬಳೇಶಪ್ಪನವರೂ ತಪ್ಪಿದರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆ ಸಾಲನ್ನು ಅಳಿಸಿದೆ, ನವಿಲು ಪೂರ್ತಿಯಾಯಿತು. ತಿದ್ದಿದ್ದನ್ನು ಅದೇ ಭಜನೆ ಕ್ಯಾಸೆಟ್ಟಿನ ಮೇಲೆ, ಹಳೆಯದರ ಮೇಲೆಯೇ ಉಳಿಸಿ, ಒಂದು ನಕಲು ತೆಗೆದು ಅಂಚೆಗೆ ಹಾಕಿದೆ.

ಎರಡು ತಿಂಗಳಿಗೆ ಅಚ್ಚಾಗಿ ಬಂತು. ಮುಖಪುಟದಲ್ಲೇ ನವಿಲಿನ ಅಂಚು, ಕೆಳಗೆ ನನ್ನ ಹೆಸರು, ಚಳ್ಳಕೆರೆ. ಕೊನೆಗೂ ಈ ಯಂತ್ರಕ್ಕೆ ಒಂದು ಸ್ವಂತ ಪ್ರೋಗ್ರಾಂ ಹುಟ್ಟಿತು ಎಂದು ಸಂಪಾದಕರು ಉದ್ದಕ್ಕೆ ಹೊಗಳಿದ್ದರು. ನನಗೆ ಏಳು ಪತ್ರ ಬಂದವು. ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದೆ. ಓಬಳೇಶಪ್ಪ ಬರುವ ಭಾನುವಾರಗಳಲ್ಲಿ ಅದನ್ನು ಇಳಿಸಿ ಬೀರುವಿನ ಹಿಂದೆ ಇಡುತ್ತಿದ್ದೆ. ಪತ್ರಿಕೆ ಏನಾಯ್ತು ಮೇಷ್ಟ್ರೇ ಎಂದು ಅವರು ಕೇಳಿದಾಗಲೆಲ್ಲ, "ನಿಂತುಹೋಗಿದೆಯಂತೆ, ಅವರಿಗೆ ಹುಷಾರಿಲ್ಲವಂತೆ," ಎನ್ನುತ್ತಿದ್ದೆ. ಆರೋಗ್ಯವಾಗಿದ್ದ ಆ ಮುದುಕರನ್ನು ಮೂರು ತಿಂಗಳು ಹಾಸಿಗೆ ಹಿಡಿಸಿದ್ದೆ.

ಒಂದು ಬುಧವಾರ, ಯಾವುದೋ ಮದುವೆಗೆಂದು ಚಳ್ಳಕೆರೆಗೆ ಬಂದವರು ಮಹಡಿ ಹತ್ತಿ ಬಂದರು. ಕಟ್ಟು ಗೋಡೆಯ ಮೇಲೆಯೇ ಇತ್ತು. ನಾನು ಎದ್ದೆ, ಏನು ಮಾಡಲು ಎದ್ದೆನೋ ತಿಳಿಯದೆ ಮತ್ತೆ ಕೂತೆ. ಅವರು ಗೋಡೆಯ ಹತ್ತಿರ ಹೋಗಿ ನಿಂತರು. ತುಟಿ ಅಲ್ಲಾಡತೊಡಗಿತು. ಒಕಟಿ, ರೆಂಡು, ಮೂಡು. ಮೊದಲು ಎಡಗಡೆಯ ನವಿಲು, ಆಮೇಲೆ ಬಲಗಡೆಯದು. ಬಲಗಡೆ ಒಂದು ಕಡೆ ಬೆರಳು ನಿಂತಿತು. ಅದಾದ ಮೇಲೆ ಕೆಳಗಿನ ಹೆಸರು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ ನಿಜ, ಆದರೆ ಎರಡು ವರ್ಷ ಆ ಹೆಸರಿನ ಬೋರ್ಡಿನ ಕೆಳಗೇ ಚಪ್ಪಲಿ ಬಿಟ್ಟಿದ್ದರು.

"ಒಂದು ಮನೆ ತುಂಬಿಸಿಬಿಟ್ಟಿದೀಯಲ್ಲಪ್ಪ," ಎಂದರು.

ಮೇಷ್ಟ್ರೇ ಎನ್ನುವುದು ಹೋಗಿತ್ತು, ನೀವು ಎನ್ನುವುದೂ ಹೋಗಿತ್ತು. ನಾನು ಆಗಲಾದರೂ ಕಾಲು ಹಿಡಿಯಬಹುದಿತ್ತು. ಬದಲಿಗೆ ನನ್ನ ಬಾಯಿಂದ ಬಂದದ್ದು, "ಅಲ್ಲಿ ನಿಮ್ಮದೊಂದು ತಪ್ಪಿತ್ತು, ಸರಿ ಮಾಡಿದೆ," ಎಂಬ ಮಾತು.

"ಹೂಂ. ಸರಿ ಮಾಡಿದೀಯ. ಹಂಗಾರೆ ಇನ್ನು ಅದು ನಿಂದೇ ಬಿಡು."

ಕೋಪದಿಂದ ಹೇಳಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಹಲಗೆಯ ಮೇಲಿನ ಧೂಳನ್ನು ಒಂದು ಸಲ ಒರೆಸಿದರು, ಪ್ರತಿ ಭಾನುವಾರ ಹೊರಡುವಾಗ ಒರೆಸುತ್ತಿದ್ದ ಹಾಗೆಯೇ. ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಹುಡುಕಿಕೊಂಡು ಹೋಗಲು ನನಗೆ ಮುಖವಿರಲಿಲ್ಲ. ನಿಜ ಹೇಳಬೇಕೆಂದರೆ, ಸ್ವಲ್ಪ ದಿನ ಹಾಯೆನಿಸಿತ್ತು ಕೂಡ. ಕಟ್ಟನ್ನು ಇಳಿಸುವ ಕೆಲಸ ತಪ್ಪಿತ್ತು.

ಹತ್ತು ವರ್ಷ ಕಳೆದವು. ಟೈಪ್‌ರೈಟರುಗಳು ಗುಜರಿಗೆ ಹೋದವು, ಹಲಗೆ ಅಟ್ಟ ಸೇರಿತು. ಚಳ್ಳಕೆರೆಗೆ ಬ್ರೌಸಿಂಗ್ ಸೆಂಟರ್ ಬಂದ ಹೊಸತರಲ್ಲಿ ಎಲ್ಲರೂ ಮಾಡುವ ಕೆಲಸ ನಾನೂ ಮಾಡಿದೆ, ನನ್ನ ಹೆಸರನ್ನೇ ಹೊಡೆದು ಹುಡುಕಿದೆ. ಸಿಕ್ಕಿತು. ಹಳೆಯ ಯಂತ್ರಗಳ ಹುಚ್ಚಿನವರು ಸೇರಿ ಮಾಡಿದ್ದ ಒಂದು ಪುಟ. ಅದರಲ್ಲಿ ನಮ್ಮ ಹಲಗೆಯ ಚಿತ್ರ, ಕೆಳಗೆ ಒಂದು ಉದ್ದನೆಯ ಪಟ್ಟಿ. ಎಲ್ಲದರ ಮುಂದೆಯೂ ನಕಲು, ನಕಲು ಎಂದೇ ಇತ್ತು. ಕೊನೆಯಲ್ಲಿ ಒಂದೇ ಒಂದರ ಮುಂದೆ ಸ್ವಂತ ಕೃತಿ ಎಂದಿತ್ತು, ಪಕ್ಕದಲ್ಲಿ ನನ್ನ ಹೆಸರು. ಆ ಕ್ಷಣದಲ್ಲಾದರೂ ಅಳುಕಿದೆನೇ? ಇಲ್ಲ. ಅದು ನಾನೇ ಎಂದು ಅವರಿಗೆ ಇ-ಮೇಲ್ ಬರೆದೆ. ಮೂರನೆಯ ದಿನ ಉತ್ತರ ಬಂತು. ತುಂಬಾ ಸಂತೋಷ, ಎಲ್ಲರೂ ದೋಷ ಎಂದು ಬೈಯುತ್ತಿದ್ದುದನ್ನೇ ಬಳಸಿಕೊಳ್ಳುವ ಯೋಚನೆ ನಿಮಗೆ ಹೊಳೆದದ್ದು ಹೇಗೆ, ದಯವಿಟ್ಟು ಬರೆಯಿರಿ ಎಂದು ಕೇಳಿದ್ದರು.

ಹೇಗೆ ಹೊಳೆಯಿತು. ಆ ಪ್ರಶ್ನೆಯ ಉತ್ತರ ಮೊಳಕಾಲ್ಮೂರಿನಲ್ಲಿತ್ತು. ಭಾನುವಾರ ಬಸ್ಸು ಹತ್ತಿದೆ. ಬೇಕೆಂದೇ ಗೆರೆಯ ಅಂಗಿ ಹಾಕಿಕೊಂಡಿದ್ದೆ.

ಎರಡು ಮಗ್ಗಗಳ ಸದ್ದಿನ ನಡುವೆ ಮನೆ. ಬಾಗಿಲಲ್ಲಿ ನಿಂತಾಗ ಅವರ ಹೆಂಡತಿ ನರಸಮ್ಮ, "ಎವರೊಚ್ಚಿನಾರೋ ಸೂಡು," ಎಂದು ತೆಲುಗಿನಲ್ಲಿ, ಯಾರು ಬಂದಿದ್ದಾರೋ ನೋಡು ಎಂದು, ಒಳಗೆ ಕೂಗಿದರು. ಓಬಳೇಶಪ್ಪ ಗೋಡೆಗೆ ಒರಗಿ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಗ್ರಾಫ್ ಬಿಟ್ಟಿದ್ದರು. ನಾನು ಹೆಸರು ಹೇಳಿದೆ. "ಬಾರಪ್ಪ, ಕೂತ್ಕೋ," ಎಂದರು. ನರಸಮ್ಮ ಮಜ್ಜಿಗೆ ತಂದುಕೊಟ್ಟರು. ಅದನ್ನು ಕುಡಿಯದೆ ಎಲ್ಲವನ್ನೂ ಹೇಳಿದೆ. ಹೆಸರು ತೆಗೆದದ್ದು, ಕ್ಯಾಸೆಟ್ ಅಳಿಸಿದ್ದು, ಪತ್ರಿಕೆಯವರಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿದ್ದು.

"ಗೊತ್ತೈತೆ. ಅವತ್ತೇ ಗೊತ್ತಾಯ್ತು," ಎಂದರು. "ಎಷ್ಟು ಜನ ಓದಿರ್ತಾರೆ ಅದನ್ನ? ಎಣಿಸ್ಕೊಂಡು ಹೇಳು."

"ಆಗ ಅರವತ್ತು ಜನರಿಗೆ ಹೋಗುತ್ತಿತ್ತು. ಈಗ ಲೋಕಕ್ಕೆಲ್ಲ ಕಾಣುತ್ತದೆ," ಎಂದೆ.

ಅವರು ತಲೆದೂಗಿದರು. ಆಮೇಲೆ ಹೇಳಿದರು: "ಹೆಸ್ರಿನ ಮಾತು ಬಿಡು. ಹೆಸ್ರು ನಮಗೆ ಯಾವಾಗ ಇತ್ತು. ನಮ್ಮ ಮನೇಲಿ ಗ್ರಾಫ್ ಬರೆಯೋರು ಒಂದು ಮನೆ ಖಾಲಿ ಬಿಡ್ತೀವಿ. ನಮ್ಮಪ್ಪ ಒಂದು ಕಡೆ ಬಿಡ್ತಿದ್ದ, ನಾನು ಒಂದು ಕಡೆ ಬಿಡ್ತಿದ್ದೆ. ಉಟ್ಟೋರಿಗೆ ಕಾಣಲ್ಲ, ಮಾರೋರಿಗೆ ಕಾಣಲ್ಲ. ಯಾವ ಊರಾಗೆ ಸೀರೆ ಸಿಕ್ಕಿದ್ರೂ ನಾವು ಎಣಿಸಿ ನೋಡಿದ್ರೆ ಗೊತ್ತಾಗ್ತೈತೆ, ಇದು ನಂದು ಅಂತ. ಆ ಮಿಷನ್ನಾಗೂ ಅದನ್ನೇ ಬಿಟ್ಟಿದ್ದೆ. ಆ ಒಂದು ಮನೇಲಿ ನಾನಿದ್ದೆ ಕಣಪ್ಪ. ನೀನು ಅದನ್ನ ತಪ್ಪು ಅಂದ್ಕಂಡೆ."

ನಾನು ಅತ್ತೆ. ಅತ್ತಿದ್ದನ್ನು ಹೇಳಿಕೊಂಡು ದೊಡ್ಡವನಾಗಲು ಅಲ್ಲ, ಅತ್ತೆ ಅಷ್ಟೇ. ಆಮೇಲೆ ಕೇಳಿದೆ: "ನೀವು ಬರೆದಿದ್ದ ಹಾಳೆಗಳಿವೆಯೇ? ಅವು ಸಿಕ್ಕರೆ ನಿಮ್ಮ ಹೆಸರು ಹಾಕಿಸುತ್ತೇನೆ."

ನರಸಮ್ಮ ಬಾಗಿಲ ಹತ್ತಿರದಿಂದಲೇ ಹೇಳಿದರು: "ಹಳೇ ಗ್ರಾಫ್ ಹಾಳೆ ಎಲ್ಲಿ ಉಳೀತವಪ್ಪ. ಸೀರೆ ಮಡಿಸೋವಾಗ ಜರಿ ಜರಿಗೆ ತಾಗಬಾರ್ದು ಅಂತ ಮಧ್ಯ ಇಡ್ತೀವಿ. ಎಲ್ಲಾ ಸೀರೆ ಜೊತಿಗೆ ಹೋದ್ವು."

ಒಂದು ಮನೆಗೆ ಒಂದು ಅಕ್ಷರದಂತೆ ಬರೆದ ಆ ಹಾಳೆಗಳು ಈಗ ಯಾವ ಯಾವ ಊರಿನ ಮದುಮಕ್ಕಳ ಬೀರುವಿನಲ್ಲಿ, ಸೀರೆಯ ಮಡಿಕೆಯಲ್ಲಿ ಇವೆಯೋ. ಕೊನೆಯ ಆಸೆಗೆ ಬಿದ್ದು, ಖಾಲಿ ಬಿಟ್ಟಿದ್ದು ಯಾವ ಮನೆ, ಅದನ್ನಾದರೂ ಹೇಳಿ, ನಾನೇ ಮತ್ತೆ ಖಾಲಿ ಮಾಡುತ್ತೇನೆ ಎಂದೆ. ಅವತ್ತು ಅಳಿಸಿದ ಸಾಲಿನ ಅಂಕಿಗಳು ನನಗೆ ನೆನಪಿರಲಿಲ್ಲ.

"ಅದನ್ನ ಹೇಳಲ್ಲಪ್ಪ," ಎಂದರು ಓಬಳೇಶಪ್ಪ. "ಕೋಪಕ್ಕಲ್ಲ. ನೀನು ಖಾಲಿ ಮಾಡಿದ್ರೆ ಅದು ನೀನು ಬಿಟ್ಟಿದ್ದಾಗ್ತೈತೆ."

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಅವರು ನನ್ನ ಕಡೆ ತಿರುಗಿದರು. ಪೊರೆ ಬಂದ ಕಣ್ಣಿಗೆ ಎಷ್ಟು ಕಾಣುತ್ತಿತ್ತೋ, ನೇರವಾಗಿ ನನ್ನ ಮುಖವನ್ನೇ ನೋಡಿದರು. ಅಂಗಿಯ ಕಡೆ ಕಣ್ಣು ಇಳಿಯಲೇ ಇಲ್ಲ, ತುಟಿ ಅಲ್ಲಾಡಲಿಲ್ಲ. ಹುಷಾರಾಗಿ ಹೋಗು ಎಂದರು.

ವಾಪಸು ಬಂದು ಆ ಪುಟದವರಿಗೆ ಉತ್ತರ ಬರೆದೆ. ಕದ್ದೆ ಎಂಬ ಪದ ಹೊಡೆಯಲು ಬೆರಳು ಬರಲಿಲ್ಲ. ಇದರ ಹಿಂದೆ ಮೊಳಕಾಲ್ಮೂರಿನ ಓಬಳೇಶಪ್ಪನವರಿದ್ದಾರೆ, ಶ್ರೇಯಸ್ಸೆಲ್ಲ ನಿಜವಾಗಿ ಅವರದೇ ಎಂದು ಬರೆದೆ. ಮುಂದಿನ ವರ್ಷ ಓಬಳೇಶಪ್ಪ ತೀರಿಕೊಂಡ ಸುದ್ದಿ ಒಬ್ಬ ಸೀರೆ ಏಜೆಂಟನಿಂದ ತಿಳಿಯಿತು. ಅವತ್ತು ಮತ್ತೆ ಬರೆದೆ, ಈ ಸಲ ಕದ್ದೆ ಎಂದೇ ಬರೆದೆ. ನಿಮ್ಮ ಮೊದಲಿನ ಪತ್ರಕ್ಕೂ ಇದಕ್ಕೂ ಹೊಂದುವುದಿಲ್ಲ, ಅವರು ಬರೆದ ಮೂಲ ಪ್ರತಿ ಇದ್ದರೆ ಕಳಿಸಿ, ಹೆಸರು ಬದಲಾಯಿಸುತ್ತೇವೆ ಎಂದು ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ನನ್ನ ಹತ್ತಿರ ಇರುವುದು ತಿದ್ದಿದ ಕ್ಯಾಸೆಟ್ ಒಂದೇ, ಅದರ ಕೊನೆಗೆ ಅವರ ಮನೆಯ ಅರ್ಧ ಭಜನೆ.

ಹಾಗಾಗಿ ಅಲ್ಲಿ ಇವತ್ತಿಗೂ ಇರುವುದು ನನ್ನ ಹೆಸರೇ. ಪಕ್ಕದಲ್ಲಿ ತಪ್ಪೇ ಇಲ್ಲದ ಎರಡು ನವಿಲು. ಅದರ ಕೆಳಗೆ, ಶ್ರೇಯಸ್ಸೆಲ್ಲ ಅವರದೇ ಎಂದು ಬರೆದಿದ್ದ ನನ್ನ ಪತ್ರವನ್ನು ಹಾಕಿದ್ದಾರೆ. ಒಬ್ಬ ಬಡ ನೇಕಾರನಿಗೆ ಎಲ್ಲ ಶ್ರೇಯಸ್ಸನ್ನೂ ಬಿಟ್ಟುಕೊಟ್ಟಿದ್ದಾನಲ್ಲ, ಎಂಥ ದೊಡ್ಡ ಮನಸ್ಸು ಎಂದು ಅದಕ್ಕೆ ಜನ ಬರೆದಿದ್ದಾರೆ. ಮೂರು ಜನ. ಎಣಿಸಿಕೊಂಡೇ ಹೇಳುತ್ತಿದ್ದೇನೆ.